ಎರಡು ಸಿಲಿಂಡರೋ ನಾಲ್ಕೋ: ಬಳ್ಳಾರಿ, ರಾಯಚೂರು, ಕೊಪ್ಪಳದ ಸಣ್ಣ ಲೋಡು ಗಾಡಿಗೆ ಡೀಸೆಲ್ ಎಂಜಿನ್ ಆರಿಸುವುದು, ಉಳಿಸಿಕೊಳ್ಳುವುದು

ಸಣ್ಣ ಲೋಡು ಗಾಡಿ ಕೊಳ್ಳಲು ಹೋದವರು ಮೊದಲು ಮೈಲೇಜ್ ಕೇಳುತ್ತಾರೆ, ಆಮೇಲೆ ತಿಂಗಳ ಕಂತು ಕೇಳುತ್ತಾರೆ. ಇವೆರಡಕ್ಕೂ ಉತ್ತರ ಸಿಗುವುದು ಮೂರನೆಯ ಪ್ರಶ್ನೆಯಿಂದ: ಏನನ್ನು ಹೊರಬೇಕು, ಎಷ್ಟು ತೂಕ, ಎಂಥ ದಾರಿ, ದಿನಕ್ಕೆ ಎಷ್ಟು ದೂರ. ಇದನ್ನು ಒಂದು ಹಾಳೆಯ ಮೇಲೆ ಬರೆದುಕೊಂಡರೆ ಯಾವ ಎಂಜಿನ್ ಬೇಕು ಅನ್ನುವುದು ಅರ್ಧ ತೀರ್ಮಾನವಾದ ಹಾಗೆ. ಉಳಿದರ್ಧವನ್ನು ನಮ್ಮ ಸೀಮೆಯ ಬಿಸಿಲು, ದೂಳು ಮತ್ತು ಗಡಸು ನೀರು ತೀರ್ಮಾನಿಸುತ್ತವೆ.

ಮೊದಲು ಲೋಡಿನ ಲೆಕ್ಕ

ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತದೆ: ಖಾಲಿ ಗಾಡಿಯ ತೂಕ ಮತ್ತು ಲೋಡು ಸೇರಿದ ಒಟ್ಟು ತೂಕ. ಒಟ್ಟಿನಿಂದ ಖಾಲಿ ತೂಕ ಕಳೆದರೆ ಬರುವುದೇ ಕಾನೂನು ಒಪ್ಪುವ ಲೋಡು. ಡ್ರೈವರ್, ಹಮಾಲರು, ಹಗ್ಗ, ತಾಡಪತ್ರಿ ಎಲ್ಲವೂ ಅದರೊಳಗೇ ಬರಬೇಕು.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ಚೀಲ ಅಂದರೆ 75 ಕೆಜಿ. ಇಪ್ಪತ್ತು ಚೀಲಕ್ಕೆ 1,500 ಕೆಜಿ. ಹೊಲದಿಂದ ಮಿಲ್ಲಿಗೆ 40 ಕಿಮೀ, ಹೋಗಿ ಬರಲು 80 ಅಂತ ಹಿಡಿಯೋಣ. ಮುಕ್ಕಾಲು ಟನ್ ಹೊರುವ ಎರಡು ಸಿಲಿಂಡರ್ ಗಾಡಿಗೆ ಇದು ಎರಡು ಟ್ರಿಪ್, ಅಂದರೆ 160 ಕಿಮೀ. ಲೀಟರಿಗೆ 18 ಕೊಟ್ಟರೂ ಸುಮಾರು 9 ಲೀಟರ್ ಡೀಸೆಲ್. ಒಂದೂವರೆ ಟನ್ ಹೊರುವ ಪಿಕಪ್ ಲೀಟರಿಗೆ ಬರೀ 12 ಕೊಟ್ಟರೂ ಒಂದೇ ಟ್ರಿಪ್ಪಿನಲ್ಲಿ 7 ಲೀಟರ್ ಒಳಗೆ ಕೆಲಸ ಮುಗಿಸುತ್ತದೆ, ಅರ್ಧ ದಿನವೂ ಉಳಿಯುತ್ತದೆ. ಅದೇ ಪಿಕಪ್ಪಿನಲ್ಲಿ ದಿನಾ 400 ಕೆಜಿ ತರಕಾರಿ ಹೊತ್ತರೆ ಲೆಕ್ಕ ತಲೆಕೆಳಗಾಗುತ್ತದೆ. ಆದ್ದರಿಂದ ಲೀಟರಿಗೆ ಎಷ್ಟು ಕಿಮೀ ಅನ್ನುವುದರ ಜೊತೆಗೆ ಒಂದು ಟನ್ ಮಾಲು ಮುಟ್ಟಿಸಲು ಎಷ್ಟು ಲೀಟರ್ ಬೇಕು ಅನ್ನುವುದನ್ನೂ ಕೂಡಿಸಿ ನೋಡಿ.

ಮಾಲಿನ ಜಾತಿಯೂ ಮುಖ್ಯ. ಎಂ-ಸ್ಯಾಂಡ್ ಒಂದು ಘನ ಮೀಟರಿಗೆ, ಅಂದರೆ ಸುಮಾರು 35 ಘನ ಅಡಿಗೆ (ಸಿಎಫ್‌ಟಿ), ಒಂದೂವರೆ ಟನ್ ಮೀರುತ್ತದೆ. ಟಾಟಾ ಏಸ್‌ನಂಥ ಗಾಡಿಯ ತೊಟ್ಟಿ ಸುಮಾರು ಏಳಡಿ ಉದ್ದ, ಐದಡಿ ಹತ್ತಿರ ಅಗಲ, ಒಂದಡಿ ಎತ್ತರ. ಅಂಚಿನ ಮಟ್ಟಕ್ಕೆ ತುಂಬಿದರೆ ಸಾಕು, ಒಪ್ಪಿದ ಲೋಡಿನ ಎರಡರಷ್ಟು ಆಯಿತು. ಅದಿರು ಇನ್ನೂ ಭಾರ. ರಾಯಚೂರು, ಮಾನ್ವಿ ಕಡೆಯ ಹತ್ತಿಗೆ ಇದರ ತದ್ವಿರುದ್ಧ ಕತೆ: ತೂಕ ಬರುವ ಮೊದಲೇ ಜಾಗ ಮುಗಿಯುತ್ತದೆ. ಅಲ್ಲಿ ಎಂಜಿನ್‌ಗಿಂತ ತೊಟ್ಟಿಯ ಉದ್ದ ನೋಡಿ. ಎತ್ತರಕ್ಕೆ ಕಟ್ಟಿದ ಹತ್ತಿ ಗಾಳಿಗೆ ಅಡ್ಡ ನಿಂತು ಡೀಸೆಲ್ ತಿನ್ನುತ್ತದೆ. ಬಳ್ಳಾರಿಯ ಜೀನ್ಸ್ ಘಟಕಗಳ ನಡುವೆ ಬಟ್ಟೆಯ ಗಂಟು ಸಾಗಿಸುವವರದು ಬರೀ ಊರೊಳಗಿನ ಓಡಾಟ. ಅವರಿಗೆ ಡೀಸೆಲ್ ಬೇಕೇ ಎಂದೇ ಕೇಳಬೇಕು. ದಿನಕ್ಕೆ 60-70 ಕಿಮೀ ಒಳಗೆ, ನಿಂತು ನಿಂತು ಓಡುವ ಗಾಡಿಗೆ ಪೆಟ್ರೋಲ್, ಸಿಎನ್‌ಜಿ ಅಥವಾ ವಿದ್ಯುತ್ ಗಾಡಿ ವಾಸಿ. ಯಾಕೆ ಅನ್ನುವುದು ಬಿಎಸ್-6, ಅಂದರೆ ಹೊಗೆ ಮಿತಿಯ ನಿಯಮದ ಭಾಗದಲ್ಲಿ ಬರುತ್ತದೆ.

ಎಷ್ಟು ಎಚ್‌ಪಿ ಬೇಕು: ಕೈಲೆಕ್ಕ

ಒಂದು ಟನ್ ತೂಕವನ್ನು ಸಮತಟ್ಟಾದ ಡಾಂಬರಿನ ಮೇಲೆ ಉರುಳಿಸಲು ಸುಮಾರು 12 ಕೆಜಿ ಎಳೆತ ಸಾಕು. ಪ್ರತಿ 1% ಏರಿಗೆ, ಅಂದರೆ ನೂರು ಮೀಟರಿಗೆ ಒಂದು ಮೀಟರ್ ಏರಿದರೆ, ಟನ್ನಿಗೆ 10 ಕೆಜಿ ಕೂಡಿಸಿ. ಒಟ್ಟು ಎಳೆತವನ್ನು ವೇಗದಿಂದ ಗುಣಿಸಿ 270ರಿಂದ ಭಾಗಿಸಿದರೆ ಚಕ್ರಕ್ಕೆ ಬೇಕಾದ ಎಚ್‌ಪಿ ಬರುತ್ತದೆ. ಗೇರ್ ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಹೌಸಿಂಗಿನಲ್ಲಿ ಸುಮಾರು 15% ಕರಗುತ್ತದೆ. ಗಾಳಿಯ ತಡೆಗೆ 60 ಕಿಮೀ ವೇಗದಲ್ಲಿ ಇನ್ನೊಂದು 25 ಕೆಜಿ ಹಿಡಿಯಿರಿ. 30-40ರಲ್ಲಿ ಅದನ್ನು ಬಿಟ್ಟರೂ ನಡೆಯುತ್ತದೆ.

ಲೋಡು ಸೇರಿ ಒಂದೂವರೆ ಟನ್ ತೂಗುವ ಹಳೆಯ ಏಸ್ 5% ಏರನ್ನು 30ರಲ್ಲಿ ಹತ್ತಬೇಕು ಅಂದರೆ: 1.5 × 62 = 93 ಕೆಜಿ, ಗುಣಿಸು 30, ಭಾಗಿಸು 270, ಹತ್ತು ಎಚ್‌ಪಿ ಚಿಲ್ಲರೆ. ನಷ್ಟ ಸೇರಿ 12. ಎಂಜಿನ್ ಇರುವುದು 16 ಎಚ್‌ಪಿ, ಹತ್ತುತ್ತದೆ. ಅದರ ಮೇಲೆ ಇನ್ನೊಂದು ಟನ್ ಹೇರಿದರೆ ಅದೇ ವೇಗಕ್ಕೆ 20 ಎಚ್‌ಪಿ ಬೇಕು. ಇಲ್ಲ. ಗಾಡಿ ಎರಡನೇ ಗೇರಿಗೆ ಇಳಿದು 22-23ರಲ್ಲಿ, ಆಕ್ಸಿಲರೇಟರ್ ಪೂರ್ತಿ ತುಳಿದ ಸ್ಥಿತಿಯಲ್ಲಿ ತೆವಳುತ್ತದೆ. ಎಂಜಿನ್ ಪೂರ್ಣ ಬಿಸಿ ಕಾರುತ್ತಿರುತ್ತದೆ, ರೇಡಿಯೇಟರಿಗೆ ಎದುರುಗಾಳಿ ಇರುವುದಿಲ್ಲ. ಸಂಡೂರಿನ ಏರಿನಲ್ಲಿ ಬಾನೆಟ್ ಎತ್ತಿ ನಿಂತ ಗಾಡಿಗಳ ರೋಗ ಬಹುತೇಕ ಇದೇ.

ಇನ್ನು ಮೂರು ಟನ್ ಒಟ್ಟು ತೂಕದ ಪಿಕಪ್‌ಗೆ ಅದೇ 5% ಏರನ್ನು 40ರಲ್ಲಿ ಹತ್ತಲು ನಷ್ಟ ಸೇರಿ 32 ಎಚ್‌ಪಿ ಸಾಕು. ಸಮತಟ್ಟಿನಲ್ಲಿ 60ಕ್ಕೆ ಬರೀ 16. ಎಪ್ಪತ್ತು-ಎಂಬತ್ತು ಎಚ್‌ಪಿಯ ಎಂಜಿನ್ ಇದನ್ನು ಅರ್ಧ ಉಸಿರಿನಲ್ಲಿ ಮಾಡುತ್ತದೆ, ಆದ್ದರಿಂದಲೇ ಬಾಳುತ್ತದೆ.

ರಾಯಚೂರು ದೋಅಬ್ ಸಮತಟ್ಟು, ನಮಗೆ ಘಾಟಿ ಇಲ್ಲ ಅನ್ನುವವರು ಒಂದು ಮರೆಯುತ್ತಾರೆ. ಮೆತ್ತನೆಯ ಮಣ್ಣಿನಲ್ಲಿ ಟನ್ನಿಗೆ 12 ಕೆಜಿ ಇದ್ದ ಎಳೆತ 60ರಿಂದ 100 ಕೆಜಿಗೆ ಏರುತ್ತದೆ. ಮಳೆ ಬಿದ್ದ ಎರೆ ಹೊಲದ ದಾರಿ 5ರಿಂದ 9% ಏರಿಗೆ ಸಮ. ಅಲ್ಲಿ ಎಚ್‌ಪಿಗಿಂತ ಮುಖ್ಯವಾದದ್ದು ಕಡಿಮೆ ಆರ್‌ಪಿಎಮ್‌ನಲ್ಲಿ (ನಿಮಿಷಕ್ಕೆ ಕಡಿಮೆ ಸುತ್ತಿನಲ್ಲಿ) ಸಿಗುವ ಟಾರ್ಕ್, ಅಂದರೆ ತಿರುಗಿಸುವ ಬಲ. ಟಾರ್ಕ್ ಇಲ್ಲದ ಎಂಜಿನ್‌ನಲ್ಲಿ ಡ್ರೈವರ್ ಅರೆ ಕ್ಲಚ್ ಒತ್ತಿಹಿಡಿದು ಎಳೆಸುತ್ತಾನೆ, ಸುಗ್ಗಿ ಮುಗಿಯುವುದರೊಳಗೆ ಕ್ಲಚ್ ಪ್ಲೇಟ್ ಸುಟ್ಟಿರುತ್ತದೆ.

ಇರುವ ಎಂಜಿನ್‌ಗಳು

ಒಂದು-ಎರಡು ಸಿಲಿಂಡರ್ ಗುಂಪು. ಟಾಟಾ ಏಸ್ 2005ರಲ್ಲಿ 702 ಸಿಸಿ, ಎರಡು ಸಿಲಿಂಡರ್, ಟರ್ಬೋ ಇಲ್ಲದ 16 ಎಚ್‌ಪಿ ಎಂಜಿನ್‌ನೊಂದಿಗೆ ಬಂತು. ಆ ಹಳೆಯ ಎಂಜಿನ್‌ನಲ್ಲಿ ಪಂಪು, ನಾಜಲ್ ಎಲ್ಲ ಮೆಕ್ಯಾನಿಕಲ್. ಮಸ್ಕಿ, ಕುಷ್ಟಗಿ, ಸಿರುಗುಪ್ಪದ ಯಾವ ಗ್ಯಾರೇಜಿನಲ್ಲೂ ಬಿಚ್ಚಿ ಕಟ್ಟುತ್ತಾರೆ. ಮಹೀಂದ್ರ ಜೀತೊ ಡೀಸೆಲ್‌ನಲ್ಲಿ 625 ಸಿಸಿಯ ಒಂದೇ ಸಿಲಿಂಡರ್, ಸುಪ್ರೊದಲ್ಲಿ 909 ಸಿಸಿ ಎರಡು ಸಿಲಿಂಡರ್. ಮಾರುತಿ ಸೂಪರ್ ಕ್ಯಾರಿ 2016ರಲ್ಲಿ 793 ಸಿಸಿ ಡೀಸೆಲ್‌ನಲ್ಲಿ ಬಂದಿತ್ತು, ಬಿಎಸ್-6 ಬಂದಾಗ ಕಂಪನಿ ಡೀಸೆಲ್ ಕೈಬಿಟ್ಟಿತು. ಹಾಗಾಗಿ ಆ ಎಂಜಿನ್ ಈಗ ಸೆಕೆಂಡ್ ಹ್ಯಾಂಡ್ ಮಾತ್ರ, ಬಿಡಿಭಾಗ ವಿಚಾರಿಸಿಯೇ ಕೊಳ್ಳಿ. ಟಾಟಾ ಇಂಟ್ರಾ ವಿ10ದು 798 ಸಿಸಿ, ಎರಡು ಸಿಲಿಂಡರ್, 44 ಎಚ್‌ಪಿ, 110 ನ್ಯೂಟನ್ ಮೀಟರ್. ಎರಡೇ ಸಿಲಿಂಡರ್ ಅಂದರೆ ನಡುಕ ಹೆಚ್ಚು. ಎಂಜಿನ್ ಮೌಂಟಿಂಗ್ ರಬ್ಬರ್ ಬೇಗ ಹರಿಯುತ್ತದೆ, ಹರಿದ ರಬ್ಬರ್ ಸೈಲೆನ್ಸರ್ ಪೈಪ್ ಬಿರುಕು ಬಿಡಿಸುತ್ತದೆ, ವೈರಿಂಗ್ ಕನೆಕ್ಟರ್ ಸಡಿಲಿಸುತ್ತದೆ. ವರ್ಷಕ್ಕೊಮ್ಮೆ ಸನ್ನೆಗೋಲಿನಿಂದ ಎಂಜಿನ್ ಮೆಲ್ಲನೆ ಎತ್ತಿ ರಬ್ಬರ್ ಸೀಳಿದೆಯೇ ನೋಡಿದರೆ ದೊಡ್ಡ ಖರ್ಚು ತಪ್ಪುತ್ತದೆ.

ಮೂರು ಸಿಲಿಂಡರ್ ಅಂದರೆ ಇಲ್ಲಿ ಮುಖ್ಯವಾಗಿ ಅಶೋಕ್ ಲೇಲ್ಯಾಂಡ್ ದೋಸ್ತ್: 1,478 ಸಿಸಿ, ಟರ್ಬೋ, ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್). ಅದೇ ಗಾತ್ರದ ಎಂಜಿನ್ ಬಡಾ ದೋಸ್ತ್‌ನಲ್ಲಿ 80 ಎಚ್‌ಪಿ, 190 ನ್ಯೂಟನ್ ಮೀಟರ್ ಕೊಡುತ್ತದೆ.

ನಾಲ್ಕು ಸಿಲಿಂಡರ್ ಗುಂಪಿನಲ್ಲಿ ಇಂಟ್ರಾ ವಿ30 ಮತ್ತು ವಿ50. ಎರಡಕ್ಕೂ 1,496 ಸಿಸಿ. ವಿ30 70 ಎಚ್‌ಪಿ, 140 ನ್ಯೂಟನ್ ಮೀಟರ್, 1,300 ಕೆಜಿ ಲೋಡು. ವಿ50 80 ಎಚ್‌ಪಿ, 220 ನ್ಯೂಟನ್ ಮೀಟರ್, 1,500 ಕೆಜಿ. ಇವೆರಡರ ನಡುವೆ ಎಚ್‌ಪಿ ಅಂತರ ಹತ್ತೇ ಇದ್ದರೂ ಟಾರ್ಕ್ ಅಂತರ ನೋಡಿ. ಹೊಲದ ದಾರಿ, ಕ್ರಷರ್, ಏರು ಇದ್ದವರಿಗೆ ವಿ50ಯ ಹೆಚ್ಚಿನ ಬೆಲೆ ನ್ಯಾಯ. ರಾಯಚೂರು-ಲಿಂಗಸುಗೂರು ಡಾಂಬರಿನ ಮೇಲೆಯೇ ಓಡುವವರಿಗೆ ವಿ30 ಸಾಕು. ಮಹೀಂದ್ರ ಬೊಲೆರೊ ಪಿಕಪ್‌ನ 2,523 ಸಿಸಿ ಎಂಜಿನ್ ಕಾಗದದ ಮೇಲೆ ಸಾಧಾರಣ: 75 ಎಚ್‌ಪಿ, 200 ನ್ಯೂಟನ್ ಮೀಟರ್ ಆಸುಪಾಸು. ದೊಡ್ಡ ಎಂಜಿನ್‌ನಿಂದ ಕಡಿಮೆ ಶಕ್ತಿ ತೆಗೆಯುವುದೇ ಅದರ ಬಾಳಿಕೆಯ ಕಾರಣ. ಮೆಣಸಿನಕಾಯಿ ಚೀಲ ಹೇರಿಕೊಂಡು ಸಿರುಗುಪ್ಪದಿಂದ ಬ್ಯಾಡಗಿಯವರೆಗೆ ರಾತ್ರಿಯಿಡೀ ಓಡುವವರು ಇದನ್ನೇ ನಂಬುವುದರಲ್ಲಿ ಅರ್ಥವಿದೆ. ಟಾಟಾ ಯೋಧದ 2.2 ಲೀಟರ್ ಎಂಜಿನ್ 100 ಎಚ್‌ಪಿ, 250 ನ್ಯೂಟನ್ ಮೀಟರ್. ಒಂದೂವರೆ ಟನ್ನಿಗಿಂತ ಹೆಚ್ಚು ದಿನನಿತ್ಯ ಇರುವವರಿಗೆ ಅದು.

ಯಾವುದನ್ನೇ ಆರಿಸಿ, ಹಣ ಕಟ್ಟುವ ಮೊದಲು ಒಂದು ಫೋನ್ ಮಾಡಿ: ಈ ಎಂಜಿನ್‌ನ ಇಂಜೆಕ್ಟರ್, ಟರ್ಬೋ, ಇಸಿಎಂ (ಎಂಜಿನ್ ಕಂಪ್ಯೂಟರ್) ಬಳ್ಳಾರಿ, ಹೊಸಪೇಟೆ ಅಥವಾ ರಾಯಚೂರಿನಲ್ಲಿ ಸ್ಟಾಕ್ ಇದೆಯೇ, ಇಲ್ಲದಿದ್ದರೆ ಎಷ್ಟು ದಿನ? ಸುಗ್ಗಿಯಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿ ಮೈಲೇಜಿನಲ್ಲಿ ಉಳಿಸಿದ್ದನ್ನೆಲ್ಲ ಕಳೆಯುತ್ತದೆ.

ಪಂಪ್‌ಸೆಟ್ ಎಂಜಿನ್ ಕೂರಿಸಿದರೆ ಹೇಗೆ ಎಂದು ಕೇಳುವವರೂ ಇದ್ದಾರೆ. ಬೇಡ. ಅದು 1,500 ಆರ್‌ಪಿಎಮ್‌ನಲ್ಲಿ ಒಂದೇ ವೇಗಕ್ಕೆ ಗವರ್ನರ್ ಕಟ್ಟಿದ ಎಂಜಿನ್. ರಸ್ತೆಗೂ ಆಗದು, ಆರ್‌ಸಿಗೂ ಏರದು.

ಬಿಎಸ್-4ರ ಹಳೆಯದೋ, ಬಿಎಸ್-6ರ ಹೊಸದೋ

ಬಿಎಸ್-6 ಜಾರಿಯಾದದ್ದು 2020ರ ಏಪ್ರಿಲ್ 1ಕ್ಕೆ. 2023ರ ಏಪ್ರಿಲ್‌ನಿಂದ ಎರಡನೇ ಹಂತ ಬಂದು, ಹೊಗೆ ಶುದ್ಧಿಯ ಸಾಧನಗಳನ್ನು ಗಾಡಿ ಓಡುವಾಗಲೇ ಕಂಪ್ಯೂಟರ್ ನಿಗಾ ಇಡುವಂತಾಯಿತು. ಎಂಜಿನ್ ತಾನಾಗಿ ಕೆಟ್ಟದ್ದೇನಲ್ಲ. ಅದನ್ನು ಓಡಿಸುವ ಕ್ರಮ ಬದಲಾಗಬೇಕು, ಅಷ್ಟೆ.

ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿಯಲ್ಲಿ ಮಸಿ ಒಂದು ಜಾಲರಿಯಲ್ಲಿ ಕೂರುತ್ತದೆ. ಅದು ಸುಟ್ಟು ಬೂದಿಯಾಗಲು 550-600 ಡಿಗ್ರಿ ಬಿಸಿ ಬೇಕು. ಊರೊಳಗೆ ಎರಡು ಕಿಮೀ ಓಡಿ, ನಿಂತು, ಮತ್ತೆರಡು ಕಿಮೀ ಓಡಿದರೆ ಆ ಬಿಸಿ ಬರುವುದೇ ಇಲ್ಲ. ಬಿಸಿ ಏರಿಸಲು ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ, ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗುಂಟ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರುತ್ತಿದ್ದರೆ, ಡೀಸೆಲ್ ವಾಸನೆ ಬಂದರೆ, ಆಯಿಲನ್ನು ಆ ವಾರವೇ ಬದಲಿಸಿ. ತೆಳುವಾದ ಆಯಿಲ್ ಮೊದಲು ತಿನ್ನುವುದು ಬೇರಿಂಗನ್ನು. ಡಿಪಿಎಫ್ ದೀಪ ಹತ್ತಿದರೆ ಬಳ್ಳಾರಿ-ಹೊಸಪೇಟೆ ಹೆದ್ದಾರಿಯಂಥ ಕಡೆ 50-60ರಲ್ಲಿ, ಒಂದು ಗೇರ್ ಕೆಳಗೆ, ನಿಲ್ಲಿಸದೆ 20 ನಿಮಿಷ ಓಡಿಸಿ. ದೀಪ ಆರಿದರೆ ಸರಿ. ನಡುವೆ ಎಂಜಿನ್ ಆಫ್ ಮಾಡಬೇಡಿ.

ಡಿಪಿಎಫ್ ಕೊರೆದು ತೆಗೆಸುವುದು, ಹೊಗೆಯ ಒಂದು ಪಾಲನ್ನು ಎಂಜಿನ್ ಒಳಗೆ ಮರಳಿಸುವ ಇಜಿಆರ್‌ಗೆ ತಗಡು ಹೊಡೆಸುವುದು ಕಾನೂನುಬಾಹಿರ. ಎರಡನೇ ಹಂತದ ಗಾಡಿಯಲ್ಲಿ ಕಂಪ್ಯೂಟರ್ ಅದನ್ನು ಹಿಡಿದು ಶಕ್ತಿ ಇಳಿಸುತ್ತದೆ, ಎಫ್‌ಸಿಯಲ್ಲೂ (ಫಿಟ್‌ನೆಸ್ ತಪಾಸಣೆ) ಸಿಕ್ಕಿಬೀಳುತ್ತೀರಿ. ಡೀಸೆಲ್ ಮುಚ್ಚಳದ ಪಕ್ಕ ನೀಲಿ ಮುಚ್ಚಳ ಇದ್ದರೆ ಅದು ಡಿಇಎಫ್, ಅಂದರೆ ಹೊಗೆ ಶುದ್ಧಿಯ ಯೂರಿಯಾ ದ್ರವದ ಟ್ಯಾಂಕ್. ಬಿಸಿಲಲ್ಲಿ ಇಟ್ಟ ಡಿಇಎಫ್ ಕ್ಯಾನ್ ಕೆಡುತ್ತದೆ, 30 ಡಿಗ್ರಿ ಒಳಗಿನ ನೆರಳಿನಲ್ಲಿಡಬೇಕು. ಏಪ್ರಿಲ್-ಮೇ ತಿಂಗಳ ರಾಯಚೂರಿನಲ್ಲಿ ಕ್ಯಾಬಿನ್ ಹಿಂದೆ ಕ್ಯಾನ್ ಕಟ್ಟಿಕೊಂಡು ಓಡಾಡುವುದು ದುಡ್ಡು ಸುಟ್ಟ ಹಾಗೆ.

ಆಯಿಲ್ ಕೊಳ್ಳುವಾಗ ಮ್ಯಾನುಯಲ್‌ನಲ್ಲಿ ಬರೆದ ಗ್ರೇಡ್ ಮಾತ್ರ. ಡಿಪಿಎಫ್ ಗಾಡಿಗೆ ಬೂದಿ ಕಡಿಮೆ ಇರುವ ಆಯಿಲ್ ಬೇಕು. ಟ್ರ್ಯಾಕ್ಟರಿಗೆ ತಂದ ಡಬ್ಬಿಯಿಂದ ಒಂದಿಷ್ಟು ಸುರಿದರೆ ಅದರ ಬೂದಿ ಜಾಲರಿಯಲ್ಲಿ ಶಾಶ್ವತವಾಗಿ ಕೂರುತ್ತದೆ, ಬೂದಿ ಸುಡುವುದಿಲ್ಲ.

ಸೆಕೆಂಡ್ ಹ್ಯಾಂಡ್ ಎಂಜಿನ್ ನೋಡುವುದು

ಮಾರುವವರಿಗೆ ಮೊದಲೇ ಹೇಳಿ: ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ. ಬಂದ ಕೂಡಲೇ ಬಾನೆಟ್ ತೆಗೆದು ಎಂಜಿನ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಇನ್ನೊಂದು ಬೆಳಿಗ್ಗೆ ಬನ್ನಿ. ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ನೋಡಿ. ಕೆಂಪು ಕೆಸರು ಕಂಡರೆ ಬೋರ್‌ವೆಲ್ ನೀರಿನ ಬಾಳು, ಎಣ್ಣೆಯ ಪದರ ಕಂಡರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಸಂಶಯ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬಿಳಿ ಕೆನೆ ಇದ್ದರೆ ನೀರು ಸೇರಿದೆ.

ಈಗ ಸ್ಟಾರ್ಟ್ ಮಾಡಿಸಿ. ನಮ್ಮ ಹವೆಯಲ್ಲಿ ಒಳ್ಳೆಯ ಎಂಜಿನ್ ಎರಡು-ಮೂರು ಸುತ್ತಿಗೆ ಹಿಡಿಯಬೇಕು. ತುಂಬ ಹೊತ್ತು ಸೆಲ್ಫ್ ಹೊಡೆದು, ಬಿಳಿ ಹೊಗೆ ಕಾರಿ, ಒಂದು ಸಿಲಿಂಡರ್ ಬಿಟ್ಟು ಬಡಿದುಕೊಂಡು ಆಮೇಲೆ ಸರಿಯಾದರೆ ಕಂಪ್ರೆಷನ್ ಬಿದ್ದಿದೆ ಅಥವಾ ಇಂಜೆಕ್ಟರ್ ಸೋರುತ್ತಿದೆ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ: ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಮಾತ್ರ ಬಂದರೆ ವಾಲ್ವ್ ಸೀಲ್, ಸದಾ ಬಂದರೆ ರಿಂಗ್, ಟರ್ಬೋ ಪೈಪಿನೊಳಗೆ ಆಯಿಲ್ ತುಂಬಿದ್ದರೆ ಟರ್ಬೋ. ಲೋಡಿನಲ್ಲಿ ಮಾತ್ರ ಕಪ್ಪು ಹೊಗೆ ಬಂದರೆ ಮೊದಲು ಏರ್ ಫಿಲ್ಟರ್ ನೋಡಿ, ಆಮೇಲೆ ಇಂಜೆಕ್ಟರ್.

ಎಂಜಿನ್ ಬಿಸಿಯಾದ ಮೇಲೆ, ಅದರೊಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಬಿಚ್ಚಿ. ತೆಳುವಾಗಿ ಉಸಿರಾಡಿದರೆ ಸರಿ. ರೈಲಿನ ಹಾಗೆ ಬುಸುಬುಸು ಹೊಗೆ ತಳ್ಳುತ್ತಿದ್ದರೆ ಪಿಸ್ಟನ್ ರಿಂಗ್ ದಾಟಿ ಗ್ಯಾಸ್ ಕೆಳಗೆ ಇಳಿಯುತ್ತಿದೆ, ಅಂದರೆ ಬೋರ್ (ಸಿಲಿಂಡರಿನ ಒಳಗೋಡೆ) ಕೆಲಸ ಹತ್ತಿರ ಬಂದಿದೆ. ಸಂಶಯ ಇದ್ದರೆ ಕಂಪ್ರೆಷನ್ ಗೇಜ್ ಹಾಕಿಸಿ. ಸಿಲಿಂಡರ್‌ಗಳ ನಡುವೆ 10%ಗಿಂತ ಹೆಚ್ಚು ಅಂತರ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಆಯಿಲ್ ಒಂದು ಚಮಚ ಮೀರಬಾರದು, ಹೆಚ್ಚಾದರೆ ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕಾಮನ್ ರೈಲ್ ಎಂಜಿನ್ ಆದರೆ ಇಂಜೆಕ್ಟರ್ ರಿಟರ್ನ್ ಪರೀಕ್ಷೆ ಮಾಡಿಸಿ. ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪನ್ನು ಒಂದೇ ಅಳತೆಯ ಬಾಟಲಿಗೆ ಇಳಿಬಿಟ್ಟು ಮೂರು ನಿಮಿಷ ಐಡಲ್‌ನಲ್ಲಿ ಓಡಿಸಿದರೆ, ಬಾಟಲಿ ಬೇಗ ತುಂಬಿದ ಇಂಜೆಕ್ಟರ್ ಸವೆದಿದೆ. ಇದು ರಿಟರ್ನ್ ಪೈಪಿನ ಮಾತು. ಓಡುತ್ತಿರುವ ಎಂಜಿನ್‌ನಲ್ಲಿ ರೈಲಿನಿಂದ ಇಂಜೆಕ್ಟರಿಗೆ ಹೋಗುವ ಗಟ್ಟಿ ಪೈಪಿನ ನಟ್ ಯಾವತ್ತೂ ಸಡಿಲಿಸಬೇಡಿ. ಹಳೆಯ ಪಂಪಿನ ಗಾಡಿಯಲ್ಲಿ ಯಾವ ಸಿಲಿಂಡರ್ ಸತ್ತಿದೆ ಎಂದು ನೋಡಲು ಹಾಗೆ ಮಾಡುತ್ತಿದ್ದರು. ಕಾಮನ್ ರೈಲ್‌ನಲ್ಲಿ ಸಾವಿರ ಬಾರ್ ಮೀರಿದ ಒತ್ತಡ ಇರುತ್ತದೆ, ಡೀಸೆಲ್ ಚರ್ಮ ಸೀಳಿ ಮಾಂಸದೊಳಗೆ ಹೋಗುತ್ತದೆ, ಬೆರಳು ಕತ್ತರಿಸಬೇಕಾಗಬಹುದು.

ಕೊನೆಗೆ ಲೋಡು ಹಾಕಿ ಓಡಿಸಿ. ಖಾಲಿ ಗಾಡಿಯಲ್ಲಿ ಸತ್ತ ಎಂಜಿನ್ನೂ ಕುಣಿಯುತ್ತದೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ, ಹಿಂದಿನವರು ಏನೇ ಹೇಳಲಿ, ಕೊಂಡ ವಾರವೇ ಬದಲಿಸಿ.

ದೂಳು

ಇದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ಇಲ್ಲಿ ಎಂಜಿನ್‌ಗಳು ಸಾಯುವುದು ಕಿಲೋಮೀಟರಿನಿಂದಲ್ಲ. ಸಂಡೂರು, ತೋರಣಗಲ್ಲು, ಹೊಸಪೇಟೆ ಸುತ್ತ ಅದಿರಿನ ಕೆಂಪು ದೂಳು. ಶಕ್ತಿನಗರ ಕಡೆ ಹಾರುಬೂದಿ. ಕೊಪ್ಪಳದ ಕಲ್ಲು ಕ್ವಾರಿಗಳ ಪುಡಿ. ಇವೆಲ್ಲ ಸಾಣೆ ಹಿಡಿಯುವ ಪುಡಿಗಳೇ. ಏರ್ ಫಿಲ್ಟರಿನ ಬದಿಯಿಂದ ನುಸುಳಿದ ದೂಳು ಮೊದಲ ರಿಂಗನ್ನೂ ಬೋರಿನ ಮೇಲ್ಭಾಗವನ್ನೂ ತೇಯುತ್ತದೆ. ಲಕ್ಷಗಟ್ಟಲೆ ಕಿಮೀ ಓಡಬೇಕಾದ ಎಂಜಿನ್ ಒಂದೇ ಬೇಸಿಗೆಯಲ್ಲಿ ಮುಗಿಯಬಹುದು.

ಫಿಲ್ಟರ್ ಆದ ಮೇಲಿನ ರಬ್ಬರ್ ಹೋಸ್ ಬಿಚ್ಚಿ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಕೆಂಪಾದರೆ ದೂಳು ದಾಟುತ್ತಿದೆ: ಹೋಸ್ ಸೀಳಿದೆ, ಕ್ಲಿಪ್ ಸಡಿಲ, ಇಲ್ಲವೇ ಫಿಲ್ಟರಿನ ಅಂಚು ಕೂತಿಲ್ಲ. ಈ ಒಂದು ಪರೀಕ್ಷೆಗೆ ಐದು ನಿಮಿಷ ಸಾಕು, ಪ್ರತಿ ಆಯಿಲ್ ಬದಲಾವಣೆಗೂ ಮಾಡಿ. ಫಿಲ್ಟರ್ ಡಬ್ಬಿಯ ತಳದಲ್ಲಿ ರಬ್ಬರಿನ ತುಟಿ ಇದ್ದರೆ ದಿನಾ ಬೆಳಿಗ್ಗೆ ಹಿಂಡಿ, ಕೂತ ದೂಳು ಉದುರುತ್ತದೆ.

ಫಿಲ್ಟರಿಗೆ ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, 2 ಬಾರ್ ಒಳಗಿನ ಒತ್ತಡದಲ್ಲಿ, ನಾಜಲ್ ಒಂದು ಗೇಣು ದೂರ ಹಿಡಿದು. ಪಂಕ್ಚರ್ ಅಂಗಡಿಯ ಪೂರ್ತಿ ಒತ್ತಡದ ಗಾಳಿ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಮಾಡುತ್ತದೆ. ಎರಡು-ಮೂರು ಸಲ ಹೊಡೆದ ಮೇಲೆ ಫಿಲ್ಟರ್ ಎಸೆಯಿರಿ. ಸ್ವಚ್ಛ ಮಾಡಿದ ಫಿಲ್ಟರಿನೊಳಗೆ ಟಾರ್ಚ್ ಹಿಡಿದಾಗ ಬೆಳಕಿನ ಚುಕ್ಕೆ ಕಂಡರೂ ಎಸೆಯಿರಿ. ಡೀಸೆಲ್‌ನಲ್ಲಿ ತೊಳೆಯುವುದು, ಕಲ್ಲಿಗೆ ಕುಟ್ಟುವುದು ಬೇಡ. ಒಳಗೆ ಎರಡನೇ ಸಣ್ಣ ಫಿಲ್ಟರ್ ಇದ್ದರೆ ಅದನ್ನು ಊದಬಾರದು, ಬದಲಿಸಬೇಕು ಮಾತ್ರ. ಅದಿರು ದಾರಿಯಲ್ಲಿ ಓಡುವ ಗಾಡಿಗೆ ಮ್ಯಾನುಯಲ್ ಹೇಳಿದ ಅವಧಿಯ ಅರ್ಧ ಹಿಡಿಯಿರಿ.

ಡೀಸೆಲ್ ಫಿಲ್ಟರಿಗೂ ಅದೇ ನಿಯಮ. ಹೊಲದಲ್ಲಿ ಡ್ರಮ್ಮಿನಿಂದ ಸುರಿಯುವ ಅಭ್ಯಾಸ ಇದ್ದರೆ ಡ್ರಮ್ ಒಂದು ರಾತ್ರಿ ಅಲುಗದೆ ನಿಲ್ಲಲಿ, ತಳದ ನಾಲ್ಕು ಬೆರಳಷ್ಟು ಬಿಟ್ಟು ಮೇಲಿಂದ ತೆಗೆಯಿರಿ. ಫಿಲ್ಟರ್ ತಳದ ತಿರುಪು ಸಡಿಲಿಸಿ ವಾರಕ್ಕೊಮ್ಮೆ ನೀರು ಬಿಡಿ.

ಬಿಸಿ

ಬೋರ್‌ವೆಲ್ ನೀರು ರೇಡಿಯೇಟರಿಗೆ ಹಾಕಬೇಡಿ. ಗಡಸು ನೀರಿನ ಸುಣ್ಣ ಹೆಡ್ಡಿನ ನೀರುದಾರಿಯಲ್ಲಿ ಪದರ ಕಟ್ಟಿದರೆ ಲೋಹದ ಬಿಸಿ ನೀರಿಗೆ ದಾಟುವುದಿಲ್ಲ. ಮೀಟರ್ ಮುಳ್ಳು ನಡುವೆಯೇ ಇದ್ದರೂ ವಾಲ್ವ್‌ಗಳ ನಡುವೆ ಹೆಡ್ ಬಿರುಕು ಬಿಡುತ್ತದೆ. ರೆಡಿ ಮಿಕ್ಸ್ ಕೂಲಂಟ್ ಸಿಗದಿದ್ದರೆ ಬ್ಯಾಟರಿ ನೀರಿಗೆ (ಡಿಸ್ಟಿಲ್ಡ್ ನೀರು, ಆಸಿಡ್ ಅಲ್ಲ) ಅರ್ಧಕ್ಕರ್ಧ ಕೂಲಂಟ್ ಬೆರೆಸಿ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗೂ ಮುಖ್ಯ. 1.1 ಬಾರ್ ಮುಚ್ಚಳ ಸರಿಯಿದ್ದರೆ ಬರೀ ನೀರೇ 120 ಡಿಗ್ರಿ ದಾಟಿ ಕುದಿಯುತ್ತದೆ, ಮುಚ್ಚಳ ಸೋತಿದ್ದರೆ ನೂರಕ್ಕೇ ಕುದಿದು ಹೊರಗೆ ಉಕ್ಕುತ್ತದೆ. ಚಿಲ್ಲರೆ ಬೆಲೆಯ ಮುಚ್ಚಳಕ್ಕೆ ಹೆಡ್ ಬಲಿ ಕೊಟ್ಟವರು ಬಹಳ.

ಥರ್ಮೋಸ್ಟಾಟ್ ಕಿತ್ತು ಎಸೆದರೆ ತಂಪಾಗುತ್ತದೆ ಅನ್ನುವುದು ನಮ್ಮ ಕಡೆಯ ಹಳೆಯ ನಂಬಿಕೆ. ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಹಿಂಬದಿ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಅರ್ಧ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ, ಏರಿನಲ್ಲಿ ಇನ್ನಷ್ಟು ಕಾಯುತ್ತದೆ. ಬಿಎಸ್-6ರಲ್ಲಾದರೆ ಎಂಜಿನ್ ತಣ್ಣಗಿದೆ ಎಂದು ತಿಳಿದ ಕಂಪ್ಯೂಟರ್ ಡಿಪಿಎಫ್ ಸುಡುವುದನ್ನೇ ನಿಲ್ಲಿಸುತ್ತದೆ.

ಹತ್ತಿ ಸೀಸನ್ನಿನಲ್ಲಿ ಎಳೆ, ರೈಸ್ ಮಿಲ್ಲಿನ ಅಂಗಳದಲ್ಲಿ ಹೊಟ್ಟು ರೇಡಿಯೇಟರ್ ರೆಕ್ಕೆಗಳ ನಡುವೆ ತುಂಬುತ್ತದೆ. ಎಂಜಿನ್ ಬದಿಯಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಮುಂದಿನಿಂದ ಪ್ರೆಷರ್ ಹೊಡೆದರೆ ಕಸ ಒಳಗೆ ಗಿಡಿದುಕೊಳ್ಳುತ್ತದೆ, ರೆಕ್ಕೆ ಬಾಗುತ್ತವೆ. ಟರ್ಬೋ ಎಂಜಿನ್‌ನಲ್ಲಿ ಲೋಡು ಎಳೆದು ನಿಂತ ಮೇಲೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ. ಇಲ್ಲದಿದ್ದರೆ ಟರ್ಬೋ ಬೇರಿಂಗಿನ ಆಯಿಲ್ ಸುಟ್ಟು ಇದ್ದಿಲಾಗುತ್ತದೆ.

ಎಂಜಿನ್ ಮುಗಿದರೆ: ಬೋರ್ ಮಾಡಿಸುವುದೋ, ಬದಲಿಸುವುದೋ

ನಮ್ಮ ಮಾತು: ನಿಮ್ಮದೇ ಎಂಜಿನ್‌ನ ಬ್ಲಾಕ್ ಮತ್ತು ಕ್ರ್ಯಾಂಕ್ ಉಳಿಯುವಂತಿದ್ದರೆ ಅದನ್ನೇ ಕಟ್ಟಿಸಿ. ಗುಜರಿಯಿಂದ ತಂದ ಎಂಜಿನ್ ಯಾಕೆ ಗುಜರಿಗೆ ಬಂತು ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ.

ಬಿಚ್ಚಿದ ಮೇಲೆ ಬೋರನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಉದ್ದಕ್ಕೂ ಅಡ್ಡಕ್ಕೂ ಡಯಲ್ ಗೇಜಿನಿಂದ ಅಳೆಸಿ. ಸವೆತ 0.10-0.15 ಮಿಮೀ ದಾಟಿದ್ದರೆ ಬರೀ ರಿಂಗ್ ಹಾಕಿ ಪ್ರಯೋಜನವಿಲ್ಲ, ಕೆಲವೇ ತಿಂಗಳಲ್ಲಿ ಮತ್ತೆ ಹೊಗೆ. 0.25 ಅಥವಾ 0.50 ಓವರ್‌ಸೈಜ್ ಪಿಸ್ಟನ್, ಇಲ್ಲವೇ ಹೊಸ ಲೈನರ್. ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್ ಹೊಡೆಸಿ, ಆ ಪಿಸ್ಟನ್ ಅಳೆದೇ ಲೇತಿನವರು ಕೊನೆಯ ಅಳತೆ ಇಡಬೇಕು. ಹೋನಿಂಗ್ ಗೆರೆಗಳು ಒಂದನ್ನೊಂದು ಅಡ್ಡ ಹಾಯಬೇಕು, ಆಯಿಲ್ ನಿಲ್ಲುವುದು ಆ ಗೆರೆಗಳಲ್ಲೇ. ಹೋನಿಂಗ್ ಆದ ಮೇಲೆ ಬೋರನ್ನು ಡೀಸೆಲ್‌ನಲ್ಲಿ ಒರೆಸಿ ಬಿಡುವುದು ತಪ್ಪು. ಸೋಪು ಹಾಕಿದ ಬಿಸಿನೀರಿನಲ್ಲಿ ಬ್ರಷ್‌ನಿಂದ ಉಜ್ಜಿ, ಬಿಳಿ ಬಟ್ಟೆ ಬಿಳಿಯಾಗಿಯೇ ಬರುವವರೆಗೆ ತೊಳೆದು, ಕೂಡಲೇ ಆಯಿಲ್ ಸವರಿ.

ರಿಂಗನ್ನು ಬೋರಿನೊಳಗೆ ಇಟ್ಟು ಬಾಯಿ ಅಂತರ ಫೀಲರ್ ಗೇಜಿನಿಂದ ನೋಡಿ. ಈ ಗಾತ್ರದ ಎಂಜಿನ್‌ಗೆ ಸಾಮಾನ್ಯವಾಗಿ 0.3ರಿಂದ 0.5 ಮಿಮೀ. ಕಡಿಮೆಯಾದರೆ ಬಿಸಿಗೆ ರಿಂಗ್ ಉಬ್ಬಿ ಬೋರ್ ಗೀಚುತ್ತದೆ. ಹೆಡ್ ಗ್ಯಾಸ್ಕೆಟ್ ತರುವಾಗ ಹಳೆಯದರ ಅಂಚಿನ ಗುರುತು ಎಣಿಸಿ. ಅನೇಕ ಎಂಜಿನ್‌ಗಳಿಗೆ ಎರಡು-ಮೂರು ದಪ್ಪದ ಗ್ಯಾಸ್ಕೆಟ್ ಇರುತ್ತವೆ, ಪಿಸ್ಟನ್ ಬ್ಲಾಕಿಗಿಂತ ಎಷ್ಟು ಮೇಲೆ ಬರುತ್ತದೆ ಅಂತ ಅಳೆದು ಆರಿಸಬೇಕು. ತೆಳ್ಳಗಿನದು ಹಾಕಿದರೆ ಪಿಸ್ಟನ್ ವಾಲ್ವಿಗೆ ತಾಕೀತು, ದಪ್ಪ ಹಾಕಿದರೆ ಸ್ಟಾರ್ಟಿಂಗ್ ತೊಂದರೆ. ಡಿಗ್ರಿ ಲೆಕ್ಕದಲ್ಲಿ ಬಿಗಿಯುವ ಹೆಡ್ ಬೋಲ್ಟ್‌ಗಳನ್ನು ಮತ್ತೆ ಬಳಸಬೇಡಿ, ಅವು ಎಳೆದುಕೊಂಡಿರುತ್ತವೆ.

ಮೊದಲ ಸ್ಟಾರ್ಟಿಗೆ ಮುನ್ನ ಡೀಸೆಲ್ ಕಟ್ ಮಾಡಿ, ಆಯಿಲ್ ದೀಪ ಆರುವವರೆಗೆ ಸೆಲ್ಫ್ ಹೊಡೆಯಿರಿ, ಒಂದೊಂದು ಸಲ ಹತ್ತು ಸೆಕೆಂಡ್ ಮೀರದೆ. ಟರ್ಬೋದ ಆಯಿಲ್ ತೂತಿಗೆ ಸ್ವಲ್ಪ ಆಯಿಲ್ ಮೊದಲೇ ಸುರಿದಿರಿ. ಸ್ಟಾರ್ಟ್ ಆದ ಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುವ ಪದ್ಧತಿ ಬಿಡಿ. ಒತ್ತಡ ಇಲ್ಲದೆ ರಿಂಗ್ ಬೋರಿಗೆ ಕೂರುವುದಿಲ್ಲ. ಮೊದಲ ಸಾವಿರ ಕಿಮೀ ಅರ್ಧ ಲೋಡಿನಲ್ಲಿ, ವೇಗ ಏರಿಸುತ್ತಾ ಇಳಿಸುತ್ತಾ ಓಡಿಸಿ. 500 ಕಿಮೀಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಟ್ಯಾಪೆಟ್ (ವಾಲ್ವ್ ಅಂತರ) ಸೆಟ್ ಮಾಡುವ ಎಂಜಿನ್ ಆದರೆ ಸಾವಿರಕ್ಕೆ ಮತ್ತೊಮ್ಮೆ ನೋಡಿಸಿ.

ಬ್ಲಾಕೇ ಒಡೆದಿದ್ದರೆ, ಕನೆಕ್ಟಿಂಗ್ ರಾಡ್ ಹೊರಬಂದಿದ್ದರೆ ಬದಲಿಸದೆ ವಿಧಿಯಿಲ್ಲ. ಅದೇ ಕಂಪನಿ, ಅದೇ ಮಾಡೆಲ್, ಅದೇ ಬಿಎಸ್ ಹಂತದ ಎಂಜಿನ್ ಮಾತ್ರ ತನ್ನಿ. ಕಾಮನ್ ರೈಲ್ ಆದರೆ ಪ್ರತಿ ಇಂಜೆಕ್ಟರ್ ಮೇಲೆ ಕೊರೆದ ಕೋಡನ್ನು ಸ್ಕ್ಯಾನರಿನಿಂದ ಇಸಿಎಂಗೆ ಬರೆಸಬೇಕು, ಬರೆಸದಿದ್ದರೆ ಬಡಿತ, ಹೊಗೆ, ಎರಡೂ. ಇಮ್ಮೊಬಿಲೈಸರ್ ಇದ್ದರೆ ಹಳೆಯ ಇಸಿಎಂ ಅನ್ನೇ ಉಳಿಸಿಕೊಳ್ಳಿ.

ಕಾಗದದ ಕೆಲಸ ಎಂಜಿನ್ ಇಳಿಸುವ ಮೊದಲೇ ಶುರುವಾಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಎಂಜಿನ್ ಬದಲಾವಣೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಯಲೇಬೇಕು. ನಿಮ್ಮ ಗಾಡಿ ಕೆಎ-34 ಬಳ್ಳಾರಿಯದೋ, 35 ಹೊಸಪೇಟೆಯದೋ, 36 ರಾಯಚೂರಿನದೋ, 37 ಕೊಪ್ಪಳದ್ದೋ, ಆ ಆರ್‌ಟಿಒ ಕಚೇರಿಗೆ ಮೊದಲು ಹೋಗಿ ಅನುಮತಿ ಪಡೆಯಿರಿ. ಎಂಜಿನ್ ಕೊಂಡ ಬಿಲ್, ಅದು ಯಾವ ಗಾಡಿಯಿಂದ ಬಂತು ಅನ್ನುವ ದಾಖಲೆ, ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಜೊತೆಗಿರಲಿ. ಎಂಜಿನ್ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ನಂಬರ್ ಅಳಿಸಿದ, ತೇಯ್ದ ಎಂಜಿನ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಮುಟ್ಟಬೇಡಿ, ಕಳವಿನ ಮಾಲಾಗಿದ್ದರೆ ಕೇಸು ನಿಮ್ಮ ಮೇಲೆ ಬರುತ್ತದೆ. ಆರ್‌ಸಿಯಲ್ಲಿ ಹೊಸ ನಂಬರ್ ಏರಿದ ಮೇಲೆ ಅದರ ಪ್ರತಿಯನ್ನು ವಿಮೆ ಕಚೇರಿಗೆ ಕೊಟ್ಟು ಪಾಲಿಸಿಯಲ್ಲೂ ತಿದ್ದಿಸಿ. ಅಪಘಾತ ಆದಾಗ ಸರ್ವೇಯರ್ ಮೊದಲು ತಾಳೆ ನೋಡುವುದು ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನೇ.